ಗಾಯರಾಣದ ಗುಡ್ಡಕ್ಕ ನಂಬರ್ ಬರದು ಹೋಗ್ಯಾರ, ಮುಂದ ಏನ್ ಮಾಡಬೇಕ್ರಿ?

ಗುಡ್ಡದ ಓಣಿ · ಸೋಮವಾರ, ರಾತ್ರಿ 9.10

ಎಲ್ಲಾರಿಗೂ ಶರಣ್ರಿ. ನಮ್ಮದು ಬಾಗಲಕೋಟಿ ಜಿಲ್ಲಾ ಹುನಗುಂದ ಕಡೆ ಸಣ್ಣ ಊರು. ಹೆಸರು ಈಗ ಬ್ಯಾಡ. ಊರ ಪಡುವಣಕ್ಕ ಒಂದು ಗುಡ್ಡ, ಅದರ ಬುಡಕ್ಕ ಗಾಯರಾಣ, ಅಂದ್ರ ಊರ ದನ ಮೇಯೂ ಜಾಗಾ. ಗುಡ್ಡಾ ಸೇರಿ ಉತಾರದಾಗ (ಪಹಣಿಯಾಗ) 47 ಎಕರೆ 12 ಗುಂಟೆ ಐತಿ. ಗುಡ್ಡದ ನೀರು ಒಂದು ಹಳ್ಳಾಗಿ ಇಳದು ಕೆರಿಗೆ ಬೀಳತೈತಿ. ಕೆರಿ ತುಂಬಿದ ವರ್ಷ ಊರ ಬಾವಿ ಯುಗಾದಿ ದಾಟಿದ್ರೂ ಬತ್ತಂಗಿಲ್ಲ.

ಹೋದ ವಾರ ಜೀಪಿನ್ಯಾಗ ನಾಲ್ಕು ಮಂದಿ ಬಂದು ಬಂಡಿಗಲ್ಲಿಗೆ ಬಿಳಿ ಬಣ್ಣ ಬಳದು ನಂಬರ್ ಬರದು ಹೋದ್ರು. ಆಡು ಕಾಯಾಕ ಹೋದ ನಮ್ಮ ಕಾಕಾ ಕೇಳಿದ್ರ "ನಿಮ್ಮೂರಿಗೆ ರಸ್ತೆ ಆಗತೈತಿ, ಅಜ್ಜಾರ" ಅಂದ್ರಂತ. ರಸ್ತೆ ಮಾಡೋರು ಗುಡ್ಡದ ನೆತ್ತಿಗೆ ಯಾಕ ನಂಬರ್ ಹಾಕತಾರ? ಪಂಚಾಯ್ತಿಯಾಗ ಕೇಳಿದ್ರ ನಮಗೇನೂ ಗೊತ್ತಿಲ್ಲ ಅಂತಾರ. ಒಬ್ಬ ಮೆಂಬರ್ ಮಾತ್ರ ಚಾ ಅಂಗಡಿ ಹಿಂದ ಕರಕೊಂಡು ಹೋಗಿ, ಎರಡು ಕ್ವಾರಿ ಲೀಸ್ ಆಗ್ಯಾವ, ಕಲ್ಲು ಒಡದು ಜಲ್ಲಿ ಮಾಡೂ ಖಡಿ ಮಷಿನ್ ಸೈತ ಕೂಡಸ್ತಾರ ಅಂದ.

ಇಂಥಾದ್ರಾಗ ಕೈ ಸುಟ್ಟಗೊಂಡವ್ರು, ಗೆದ್ದವ್ರು ಯಾರರ ಇದ್ರ ಹೇಳ್ರಿ. ಎಲ್ಲಿಂದ ಸುರು ಮಾಡಬೇಕು?

ಹತ್ತು ಗಾಲಿ · ರಾತ್ರಿ 9.32

ಬರ್ಲಿ ಬಿಡ್ರಿ ಅಣ್ಣಾರ. ಆ ಗುಡ್ಡದಾಗ ಏನ್ ಬೆಳೀತೈತಿ, ಕಳ್ಳಿ ಮತ್ತ ಜಾಲಿ. ನಾ ಟಿಪ್ಪರ್ ಹೊಡೀತೀನಿ, ಸುಳ್ಳ್ಯಾಕ ಹೇಳ್ಲಿ. ಮೊದಲ ಗೋವಾದಾಗ ಗೌಂಡ್ಯಾರ ಕೈಕೆಳಗ ದುಡೀತಿದ್ದೆ, ವರ್ಷಕ್ಕ ಎರಡು ಸಲ ಊರಿನ ಮಾರಿ ನೋಡತಿದ್ದೆ. ಈಗ ರಾತ್ರಿ ಮನ್ಯಾಗ ರೊಟ್ಟಿ ತಿಂತೀನಿ. ನಿಮ್ಮ ಮನಿ ಸ್ಲ್ಯಾಬಿಗೆ ಹಾಕಿದ ಖಡಿ ಏನ್ ಆಕಾಶದಿಂದ ಉದುರಿತ್ತೇನು?

ಗುಡ್ಡದ ಓಣಿ · ರಾತ್ರಿ 9.41

ತಮ್ಮಾ, ನಿನ್ನ ಹೊಟ್ಟಿ ಮ್ಯಾಲ ಹೊಡ್ಯೂ ಮಾತಲ್ಲ ಇದು. ನಮ್ಮ ಓಣ್ಯಾಗೂ ಮೂರು ಮಂದಿ ಇಳಕಲ್ಲ ಕಡೆ ಕೆಂಪು ಗ್ರಾನೈಟ್ ಕ್ವಾರಿಗೆ ಹೋಗತಾರ. ಊರ ಜಾಗಾ ಊರನ್ನ ಕೇಳಲಾರದ ಹೆಂಗ ಕೊಟ್ರು, ಇಷ್ಟ ನನ್ನ ಪ್ರಶ್ನೆ.

ಬೆಳಗಾವಿ ಕರಿಕೋಟು · ರಾತ್ರಿ 10.05

ಸಿಟ್ಟು ಆಮ್ಯಾಲ, ಮೊದಲ ಕಾಗದ. ದಿನಾ ಕೋರ್ಟ್ ಕಟ್ಟಿ ಹತ್ತಾಂವ ಹೇಳಾಕತ್ತೀನಿ, ಊರ ಮಂದಿ ಸೋಲೋದು ನ್ಯಾಯ ಇಲ್ಲಂತಲ್ಲ, ತಾರೀಖು ತಪ್ಪತಾವ ಅಂತ.

ಲೀಸ್ ಆಗೋದು ಒಂದು, ಪರಿಸರ ಅನುಮತಿ ಅಂದ್ರ ಇ.ಸಿ. ಆಗೋದು ಇನ್ನೊಂದು. ಮೊದಲ ಸಣ್ಣ ಕ್ವಾರಿಗೆ ಇ.ಸಿ. ಗೊಡವಿ ಇರಲಿಲ್ಲ. 2012ರ ಫೆಬ್ರುವರಿ 27ರಂದು ದೀಪಕ್ ಕುಮಾರ್ ಪ್ರಕರಣದಾಗ ಸುಪ್ರೀಂ ಕೋರ್ಟ್ 5 ಹೆಕ್ಟೇರಿಗಿಂತ ಕಡಿಮಿ ಇದ್ರೂ ಬೇಕ ಬೇಕು ಅಂತು. ಅವತ್ತಿಂದ ಉಸುಕು, ಖಡಿ, ಗರಸು ಎಲ್ಲಾದಕ್ಕೂ ಆ ಕಾಗದ ಇರಬೇಕು. 2006ರ ಅಧಿಸೂಚನೆ ಪ್ರಕಾರ ಕ್ವಾರಿಯವ್ರು ಅದರ ಪ್ರತಿ ಪಂಚಾಯ್ತಿಗೆ ಕೊಡಬೇಕು, ಪಂಚಾಯ್ತಿ ಅದನ್ನ 30 ದಿನ ಎಲ್ಲಾರಿಗೂ ಕಾಣೂವಂಗ ಹಚ್ಚಬೇಕು. ನಿಮ್ಮ ಪಂಚಾಯ್ತಿಯವ್ರು "ಗೊತ್ತಿಲ್ಲ" ಅಂದ್ರ ಎರಡರಾಗ ಒಂದು. ಬಂದಿಲ್ಲ, ಇಲ್ಲಾ ಬಂದು ಕಪಾಟಿನ್ಯಾಗ ಮಲಗೇತಿ.

ನಾಳಿ ಮುಂಜಾನೆ ಹೋಗಿ ಆವಕ ರಿಜಿಸ್ಟರ್, ಅಂದ್ರ ಬಂದ ಕಾಗದ ಬರಕೊಳ್ಳೂ ಪುಸ್ತಕ, ನೋಡ್ರಿ. ಕೊಡಲಿಲ್ಲಂದ್ರ ಅಲ್ಲೇ ಕುಂತು 10 ರೂಪಾಯಿದು ಮಾಹಿತಿ ಹಕ್ಕಿನ ಅರ್ಜಿ ಬರೀರಿ. ನಮ್ಮ ರಾಜ್ಯದ ನಿಯಮದಾಗ ಒಂದು ಅರ್ಜಿಗೆ ಒಂದ ವಿಷಯ, 150 ಶಬ್ದದ ಮಿತಿ ಐತಿ. ಊರ ಇತಿಹಾಸಾ ಬರೀಬ್ಯಾಡ್ರಿ, ತಿರುಗಿ ಕಳಸ್ತಾರ. ಲೀಸಿನ ನಕಾಶೆಗೆ ಒಂದು, ಕಂದಾಯದವ್ರು ತಕರಾರಿಲ್ಲ ಅಂತ ಕೊಟ್ಟ ಎನ್‌ಒಸಿಗೆ ಒಂದು, ಇ.ಸಿ.ಗೆ ಒಂದು, ಹಿಂಗ ಬಿಡಿಬಿಡಿ ಹಾಕ್ರಿ.

ಸುಮ್ನ ಓದಾಂವ · ರಾತ್ರಿ 10.20

ವಕೀಲ ಸಾಹೇಬ್ರ ಹೇಳಿದ್ದೆಲ್ಲಾ ಖರೇ. ನಮ್ಮೂರಾಗೂ ಹೋರಾಟ ಸಮಿತಿ ಆಗಿತ್ತು. ಬ್ಯಾನರ್, ಶಾಲು, ಫೋಟೋ, ಎಲ್ಲಾ. ಎರಡು ವರ್ಷದಾಗ ಸಮಿತಿ ಅಧ್ಯಕ್ಷ ಸ್ವಂತ ಟಿಪ್ಪರ್ ತಗೊಂಡ. ಅದರ ಹಿಂದ "ಗ್ರಾಮ ದೇವತಿ ಕೃಪೆ" ಅಂತ ಬರಸ್ಯಾನ.

ಕಡ್ಲಿ ಹೊಲದಾಕಿ · ಮಂಗಳವಾರ, ಮುಂಜಾನೆ 5.50

ನಮ್ಮ ಹೊಲದ ಬಾಜೂಕ ಮಷಿನ್ ಬಂದು ಆರು ವರ್ಷ ಆತು. ಮಂದಿ ಧೂಳು, ಸಪ್ಪಳ ಅಂತಾರ. ನಾ ಒಂದ ಮಾತು ಹೇಳ್ತೀನಿ.

ಚಳಿಗಾಲದಾಗ ಕಡ್ಲಿ ಹೂ ಬಿಡೂ ಹೊತ್ನ್ಯಾಗ ನಮ್ಮವ್ವ ಸಂಜಿಮುಂದ ಗಿಡದ ಮ್ಯಾಲ ಬಿಳಿ ಧೋತರ ಹಾಸಿ ಬರತಿದ್ಲು. ನಸುಕಿನ್ಯಾಗ ಹೋಗಿ ನೋಡಿದ್ರ ಮಂಜು ಕುಡದು ಅರಿವಿ ತೊಯ್ದು ತಪ್ಪಡಿ ಆಗಿರತಿತ್ತು. ಅದನ್ನ ಹಿಂಡಿ ಸೀಸಾದಾಗ ತುಂಬಿದ್ರ ಕಡ್ಲಿ ಹುಳಿ. ಹೊಟ್ಟಿ ನೋವಿಗೆ, ಅಜೀರ್ಣಕ್ಕ ಒಂದೀಟ ನೀರಾಗ ಹಾಕಿ ಕೊಟ್ರ ಆತು, ಓಣಿ ಮಂದೆಲ್ಲಾ ಕೇಳಿ ಒಯ್ಯತಿದ್ರು. ಮಷಿನ್ ಬಂದ ಮರು ವರ್ಷ ನಾನೂ ಹಾಸಿದೆ. ಹಿಂಡಿದ್ರ ಬಂದದ್ದು ಬೂದಿ ಬಣ್ಣದ ರಾಡಿ. ಸೀಸಾದ ತಳದಾಗ ಬಟ್ಟು ದಪ್ಪ ಕೂಡ್ತು. ಆ ಸೀಸಾ ಇನ್ನೂ ಇಟ್ಟೀನಿ, ಸಾಹೇಬ್ರು ಬಂದಾಗ ತೋರಿಸಿದೆ. "ಇದೇನವ್ವಾ" ಅಂದ್ರು. ಅವರಿಗೆ ಕಡ್ಲಿ ಹುಳಿನ ಗೊತ್ತಿಲ್ಲ, ಅದು ಹೋಗೇತಿ ಅಂದ್ರ ಏನ್ ತಿಳೀಬೇಕು.

ಬಾವಿ ಸುದ್ದಿ ಇನ್ನೊಂದು. ಕ್ವಾರಿ ತೆಗ್ಗು ನಮ್ಮ ಬಾವಿಗಿಂತ ಕೆಳಗ ಹೋತು. ಈಗ ನೀರು ಬಾವಿ ಬಿಟ್ಟು ಆ ತೆಗ್ಗಿಗೆ ಇಳೀತೈತಿ, ಅವ್ರು ಪಂಪ್ ಹಚ್ಚಿ ಹೊರಗ ಚೆಲ್ಲತಾರ. ಬರೂಕಿಂತ ಮೊದಲ ತಡೀರಿ ಅಣ್ಣಾರ. ಬಂದ ಮ್ಯಾಲ ತಡಿಯೋದು ಹತ್ತು ಪಟ್ಟು ಕಷ್ಟ.

ಹತ್ತು ಗಾಲಿ · ಮುಂಜಾನೆ 7.15

ಅಕ್ಕಾರ, ನೀರು ಹೊಡೀಬೇಕು, ಸುತ್ತ ತಗಡು ಕಟ್ಟಬೇಕು, ಗಾಡಿ ಮ್ಯಾಲ ತಾಡಪತ್ರಿ ಹಾಕಬೇಕು ಅಂತ ರೂಲ್ಸ್ ಅದಾವ. ಮಾಲಕ ಮಾಡಂಗಿಲ್ಲ, ಅದಕ್ಕ ನಾವೇನ್ ಮಾಡೂನು.

ಕಡ್ಲಿ ಹೊಲದಾಕಿ · ಮುಂಜಾನೆ 7.22

ನೀ ತಾಡಪತ್ರಿ ಹಾಕತೀಯೇನಪಾ?

ಗುಡ್ಡದ ಓಣಿ · ಮಂಗಳವಾರ, ಮಧ್ಯಾಹ್ನ 2.30

ಪಂಚಾಯ್ತಿಯಿಂದ ಈಗ ಬಂದೆ. ಕರಿಕೋಟು ಸರ, ನೀವು ಹೇಳಿದಂಗ ಕಪಾಟಿನ್ಯಾಗ ಮಲಗಿತ್ತು. ಆವಕ ರಿಜಿಸ್ಟರ್ ಕೇಳಿದ್ರ ಮೊದಲ ಕೀಲಿ ಇಲ್ಲಂದ್ರು, ಆಮ್ಯಾಲ ಕ್ಲಾರ್ಕ್ ಊಟಕ್ಕ ಹೋಗ್ಯಾನ ಅಂದ್ರು. ನಾನೂ ಕಾಕಾನೂ ಕಟ್ಟಿ ಮ್ಯಾಲ ಕುಂತಬಿಟ್ವಿ. ಒಂದೂವರಿ ತಾಸಿನ ಮ್ಯಾಲ ಕೀಲಿ ಸಿಕ್ತು. ನರೇಗಾ ಫೈಲಿನ ಕೆಳಗ ಎರಡು ಇ.ಸಿ. ಪ್ರತಿ. ಸ್ವೀಕೃತಿ ಮುದ್ರೆ ಬಿದ್ದು ಇವತ್ತಿಗೆ 19 ದಿನ. ಒಂದು 12 ಎಕರೆ 10 ಗುಂಟೆ, ಇನ್ನೊಂದು 12 ಎಕರೆ 5 ಗುಂಟೆ. ನಕಾಶೆದಾಗ ಎರಡರ ನಡುವ ಒಂದು ಬಂಡಿ ದಾರಿ ಅಷ್ಟ ಐತಿ.

ಬೆಳಗಾವಿ ಕರಿಕೋಟು · ಮಧ್ಯಾಹ್ನ 3.05

5 ಹೆಕ್ಟೇರ್ ಅಂದ್ರ 12 ಎಕರೆ 14 ಗುಂಟೆ. ಈಗ ತಿಳೀತಿಲ್ಲೋ, 12-10 ಮತ್ತ 12-5 ಯಾಕಂತ? ಒಂದು ರೊಟ್ಟಿನ ಎರಡು ತುಂಡು ಮಾಡ್ಯಾರ, ಇಡೀ ರೊಟ್ಟಿ ಯಾರೂ ಲೆಕ್ಕ ಹಿಡೀಬಾರದಂತ.

ಆದ್ರ ಲೆಕ್ಕ ಹಿಡೀತಾರ. ಒಂದು ಗುತ್ತಿಗಿ ಅಂಚಿನಿಂದ ಇನ್ನೊಂದರ ಅಂಚು 500 ಮೀಟರಿನ ಒಳಗ ಇದ್ರ ಅದು ಕ್ಲಸ್ಟರ್, ಅಂದ್ರ ಒಂದ ಗುಂಪು. 2013ರ ಸೆಪ್ಟೆಂಬರ್ 9ರಿಂದ ಈಚೆ ಕೊಟ್ಟ ಗುತ್ತಿಗಿ ಆಗಿರಬೇಕು, ನಿಮ್ಮವು ಹೊಸಾವು. ಎರಡೂ ಕೂಡಿದ್ರ ಹತ್ರತ್ರ 10 ಹೆಕ್ಟೇರ್. 2018ರ ಸೆಪ್ಟೆಂಬರ್ 13ರಂದು ಹಸಿರು ನ್ಯಾಯಮಂಡಳಿ ಕೊಟ್ಟ ಆದೇಶದ ಪ್ರಕಾರ, ಬಿಡಿಯಾಗಿ ಸಣ್ಣಾವು ಇದ್ರೂ ಕ್ಲಸ್ಟರ್ 5 ಹೆಕ್ಟೇರ್ ದಾಟಿದ್ರ ಪರಿಸರ ಆಘಾತದ ವರದಿ ಆಗಬೇಕು, ಜನರ ಅಹವಾಲು ಸಭೆ ಆಗಬೇಕು. ನಿಮ್ಮೂರಾಗ ಅಂಥಾ ಸಭಾ ಆಗಿತ್ತೇನು?

ಗುಡ್ಡದ ಓಣಿ · ಮಧ್ಯಾಹ್ನ 3.09

ಇಲ್ರಿ ಸರ. ಡಂಗುರಾ ಸೈತ ಇಲ್ಲ.

ಬೆಳಗಾವಿ ಕರಿಕೋಟು · ಮಧ್ಯಾಹ್ನ 3.15

ಹಂಗಾದ್ರ ನಿಮ್ಮ ಕೈಯಾಗ ಗಟ್ಟಿ ಮಾತು ಐತಿ. ಇ.ಸಿ. ವಿರುದ್ಧ ಅಪೀಲು ಹಸಿರು ನ್ಯಾಯಮಂಡಳಿಯ ಚೆನ್ನೈನ ದಕ್ಷಿಣ ಪೀಠಕ್ಕ ಹೋಗಬೇಕು, ಅದಕ್ಕ 30 ದಿನ. ಸರಿಯಾದ ಕಾರಣ ಕೊಟ್ರ ಇನ್ನೂ 60 ದಿನ ಬಿಡತಾರ, ಅದರಾಚೆ ಒಂದು ದಿನಾನೂ ಇಲ್ಲ. ಯಾವ ದಿನದಿಂದ ಎಣಿಸಬೇಕು ಅನ್ನೋದರ ಮ್ಯಾಲ ವಾದ ಆಗತಾವ. ಆ ವಾದದ ಭರವಸೆ ಮ್ಯಾಲ ಮಲಗಬ್ಯಾಡ್ರಿ. ಆ ಕಾಗದದ ಮ್ಯಾಲಿನ ತಾರೀಖಿನಿಂದನ ಎಣಸ್ರಿ.

ರಿಜಿಸ್ಟರಿನ ಪುಟಾ, ಖಾಲಿ ನೋಟಿಸ್ ಬೋರ್ಡ್ ಎರಡರದೂ ಫೋಟೋ ತಗದೀರೋ ಇಲ್ಲೋ? ಇಲ್ಲಂದ್ರ ಈಗ ತಿರುಗಿ ಹೋಗ್ರಿ.

ಭೀಮಾ ದಂಡಿ, ಇಂಡಿ · ಮಂಗಳವಾರ, ಸಂಜೆ 6.40

ನಮ್ಮದು ವಿಜಾಪುರ ಜಿಲ್ಲಾ, ನಮ್ಮ ಜಗಳ ಉಸುಕಿಂದು. ಭೀಮಾ ಹೊಳಿ ಆ ದಂಡಿ ಮಹಾರಾಷ್ಟ್ರ, ಈ ದಂಡಿ ಕರ್ನಾಟಕ. ಇತ್ತಾಗಿನ ಪೊಲೀಸ್ರು ಬಂದ್ರ ಬೋಟು ಆ ದಂಡಿಗೆ ಹೋಗತಾವ, ಅತ್ತಾಗಿನವ್ರು ಬಂದ್ರ ಈ ದಂಡಿಗೆ. ಕಣ್ಣಾಮುಚ್ಚಾಲೆ.

ಹೊಳಿ ಉಸುಕು ಅಂದ್ರ ಒಂದು ದೊಡ್ಡ ಅರಿವಿ ಇದ್ದಂಗ, ನೀರು ಕುಡದು ಇಟ್ಟಗೊಂತೈತಿ. ಬ್ಯಾಸಿಗ್ಯಾಗ ಮ್ಯಾಲ ಒಣಗಿದ್ರೂ ಒಂದೂವರಿ ಮೊಳ ಕೆದರಿದ್ರ ಒರತಿ ಸಿಗತಿತ್ತು, ನಮ್ಮವ್ವಗೋಳು ಅಲ್ಲೇ ಕೊಡ ತುಂಬತಿದ್ರು. ಉಸುಕು ತಗದು ತಗದು ಕರಿ ಕಲ್ಲು ಕಂಡಿತು. ಈಗ ಮಳಿ ಬಂದ್ರ ನೀರು ಜಾರಿ ಹೋಗತೈತಿ, ನಿಂದ್ರಂಗಿಲ್ಲ. ದಂಡ್ಯಾಗಿನ ಬಾವಿ ಬತ್ತಿದ್ವು. 3 ಮೀಟರಿಗಿಂತ ಆಳ ತೆಗೀಬಾರದು ಅಂತ ಕೇಂದ್ರದ ಮಾರ್ಗಸೂಚಿ ಐತಿ. ಹೊಳಿಯಾಗ ಇಳದು ಅಳಿಯೋರು ಯಾರು?

ನಾವು ಒಂದು ರಾತ್ರಿ ಜೆಸಿಬಿ ಬಾಡಿಗಿ ತಗೊಂಡು ಹೊಳಿಗೆ ಇಳಿಯೂ ದಾರಿಗೆ ಅಡ್ಡ ತೆಗ್ಗು ತೋಡಿದ್ವಿ. ನಾಲ್ಕು ದಿನ ನಿಂತಿತು. ಐದನೇ ದಿನ ಅದ ಜೆಸಿಬಿ ಬಂದು ಮುಚ್ಚಿತು, ಈ ಸಲ ಬಾಡಿಗಿ ಅವ್ರು ಕೊಟ್ಟಿದ್ರು.

ಇನ್ನೊಂದು ಮಾತು, ಯಾರೂ ಇದನ್ನ ಕೂಡಿಸಿ ನೋಡಂಗಿಲ್ಲ. ಹೊಳಿ ಉಸುಕಿಗೆ ಬಿಗಿ ಆದಂಗ ಎಂ-ಸ್ಯಾಂಡಿಗೆ ಗಿರಾಕಿ ಹೆಚ್ಚಾದ್ವು. ಎಂ-ಸ್ಯಾಂಡ್ ಅಂದ್ರ ಗುಡ್ಡನ ಪುಡಿ ಮಾಡೋದು. ನಮ್ಮ ಹೊಳಿ ಉಳೀಲಿ ಅಂತ ನಾವು ಕೂಗಿದ್ದು ನಿಮ್ಮ ಗುಡ್ಡಕ್ಕ ಬಂದು ಬಡೀತೇನೋ ಅಂತ ಒಮ್ಮೊಮ್ಮೆ ಅನಸತೈತ್ರಿ.

ನಿವೃತ್ತ ಮಾಸ್ತರ · ಮಂಗಳವಾರ, ರಾತ್ರಿ 8.15

ಎಲ್ಲವನ್ನೂ ಓದಿದೆ. ನಾನು ವಕೀಲನಲ್ಲ, ಆದರೆ ಒಂದು ಹಳೆಯ ಸಂಗತಿ ಹೇಳಬೇಕು ಅನ್ನಿಸಿತು.

1984ರಲ್ಲಿ ರಾಜ್ಯ ಸರ್ಕಾರ ಮತ್ತು ಹರಿಹರದ ಪಾಲಿಫೈಬರ್ಸ್ ಕಾರ್ಖಾನೆ ಸೇರಿ ಕರ್ನಾಟಕ ಪಲ್ಪ್‌ವುಡ್ಸ್ ಎಂಬ ಕಂಪನಿ ಮಾಡಿದವು. ಹಳ್ಳಿಗಳ ಸುಮಾರು 75,000 ಎಕರೆ ಸಾಮೂಹಿಕ ಜಮೀನನ್ನು ನೀಲಗಿರಿ ಬೆಳೆಯಲು ಅದಕ್ಕೆ ಕೊಡುವುದೆಂದು ತೀರ್ಮಾನವಾಯಿತು. ಕಾಗದದಲ್ಲಿ ಅದು "ಸಿ ಮತ್ತು ಡಿ" ವರ್ಗದ ಜಮೀನು, ಅಂದರೆ ಯಾವುದಕ್ಕೂ ಬಾರದ್ದು. ದನ ಮೇಯಿಸುವವರಿಗೆ, ಸೌದೆ ಆರಿಸುವವರಿಗೆ ಅದೇ ಬದುಕು. ಶಿವರಾಮ ಕಾರಂತರು, ಧಾರವಾಡದ ಸಮಾಜ ಪರಿವರ್ತನ ಸಮುದಾಯದವರು ಸುಪ್ರೀಂ ಕೋರ್ಟಿಗೆ ಹೋದರು. ಆದರೆ ಕೋರ್ಟನ್ನಷ್ಟೇ ನಂಬಿ ಕೂರಲಿಲ್ಲ. 1987ರ ನವೆಂಬರ್ 14ರಂದು ಈಗಿನ ಹಾವೇರಿ ಜಿಲ್ಲೆಯ ಕುಸನೂರಿನಲ್ಲಿ "ಕಿತ್ತಿಕೋ ಹಚ್ಚಿಕೋ" ಸತ್ಯಾಗ್ರಹ ನಡೆಯಿತು. ನೀಲಗಿರಿ ಸಸಿ ಕಿತ್ತರು, ಊರಿಗೆ ಬೇಕಾದ ಗಿಡ ಹಚ್ಚಿದರು. ಬರೀ ಕಿತ್ತಿದ್ದರೆ ಅದು ಗಲಾಟೆ ಎಂಬ ಹೆಸರು ಪಡೆಯುತ್ತಿತ್ತು. ಹಚ್ಚಿದ್ದರಿಂದ ಆ ಜಮೀನು ಯಾರದ್ದು ಎಂಬುದು ಕಣ್ಣಿಗೆ ಕಂಡಿತು. ಕೊನೆಗೆ ಆ ಕಂಪನಿಯನ್ನೇ ಮುಚ್ಚಬೇಕಾಯಿತು.

ಕಪ್ಪತಗುಡ್ಡ ಇನ್ನೂ ಹತ್ತಿರದ್ದು. ಅದರ ಪರವಾಗಿ ನಿಂತ ಗದುಗಿನ ತೋಂಟದ ಸಿದ್ಧಲಿಂಗ ಶ್ರೀಗಳು ಹುಟ್ಟಿದ್ದು ನಮ್ಮ ವಿಜಯಪುರ ಜಿಲ್ಲೆಯ ಸಿಂದಗಿಯಲ್ಲಿ. ಆ ಗುಡ್ಡ 2015ರ ಡಿಸೆಂಬರಿನಲ್ಲಿ ಸಂರಕ್ಷಿತ ಪ್ರದೇಶವಾಯಿತು. 2016ರ ನವೆಂಬರಿನಲ್ಲಿ ಸರ್ಕಾರವೇ ಆ ಆದೇಶ ಹಿಂದಕ್ಕೆ ಪಡೆಯಿತು. ಜನ ಬೀದಿಗೆ ಬಂದ ಮೇಲೆ 2017ರ ಏಪ್ರಿಲಿನಲ್ಲಿ ಮತ್ತೆ ಕೊಟ್ಟಿತು. 2019ರಲ್ಲಿ 244 ಚದರ ಕಿಲೋಮೀಟರ್ ವನ್ಯಜೀವಿಧಾಮವಾಯಿತು. ನಡುವಿನ ಆ ಐದು ತಿಂಗಳನ್ನು ಗಮನಿಸಿ. ಗೆದ್ದೆವೆಂದು ಎಲ್ಲರೂ ಮನೆಗೆ ಹೋಗಿದ್ದಾಗ ಆದದ್ದು ಅದು.

ಸುಮ್ನ ಓದಾಂವ · ರಾತ್ರಿ 8.40

ಗುರುಗಳ, ಕಪ್ಪತಗುಡ್ಡಕ್ಕ ಸ್ವಾಮಿಗೋಳು ಇದ್ರು, ಔಷಧಿ ಗಿಡ ಇದ್ವು, ಪೇಪರಿನವ್ರು ಇದ್ರು. ಈ ಪುಣ್ಯಾತ್ಮರ ಗುಡ್ಡದಾಗ ಏನೈತಿ? ಬಿಳಗಿ, ಮುಧೋಳದ ನಡುವಿನ ಯಡಹಳ್ಳಿಯಾಗ ಚಿಂಕಾರ ಇದ್ವು, ವನ್ಯಧಾಮ ಆತು. ಈಗ ಅದರ ಅಂಚಿನಿಂದ ಒಂದು ಕಿಲೋಮೀಟರ್ ತನಕ ಗಣಿಗಾರಿಕಿ ಮಾಡಂಗಿಲ್ಲ ಅಂತ ಸುಪ್ರೀಂ ಕೋರ್ಟ್ ಕಟ್ಟಳಿನ ಐತಿ. ಆಡಿಗೆ ಯಾರು ಧಾಮ ಮಾಡತಾರ?

ಹಳೇ ಚೈನು · ಮಂಗಳವಾರ, ರಾತ್ರಿ 9.30

ಮಾಡ್ಯಾರಲ್ಲ, ಅದರ ಹೆಸರ ಗಾಯರಾಣ.

ನಾ ಮೋಜಣಿ (ಸರ್ವೇ) ಇಲಾಖೆಯಾಗ 31 ವರ್ಷ ಜಮೀನು ಅಳಿಯೂ ಚೈನು ಎಳದಾಂವ. ಸಿ ಮತ್ತ ಡಿ ಅಂತ ಮಾಸ್ತರು ಹೇಳಿದ್ರಲ್ಲ, ನಮ್ಮ ಉತಾರದಾಗ ಅದರ ತಮ್ಮ ಅದಾನ, "ಖರಾಬ". ಖರಾಬ ಅಂದಕೂಡ್ಲೆ ಮಂದಿ ಕೆಟ್ಟದ್ದು ಅಂತ ತಿಳೀತಾರ. ಅ-ಖರಾಬ ಅಂದ್ರ ಬೆಳಿಗೆ ಬರಲಾರದ್ದು, ಕಲ್ಲು ಬಂಡಿ. ಬ-ಖರಾಬ ಅಂದ್ರ ಹಳ್ಳ, ಕೆರಿ, ದಾರಿ, ಅಂದ್ರ ಎಲ್ಲಾರಿಗೂ ಬೇಕಂತ ಕರ ಹಾಕಲಾರದ ಬಿಟ್ಟದ್ದು. ಒಂದ ಶಬ್ದದಾಗ ಎರಡನ್ನೂ ತುಂಬಿಟ್ಟಾರ. ಎನ್‌ಒಸಿ ಬರಿಯೋ ಮುಂದ "ಸದರಿ ಜಮೀನು ಖರಾಬ, ಕಲ್ಲು ಬಂಡೆಯಿಂದ ಕೂಡಿದ್ದು, ಸಾರ್ವಜನಿಕ ಉಪಯೋಗಕ್ಕೆ ಇಲ್ಲ" ಅಂತ ಒಂದು ಸಾಲು ಬೀಳತೈತಿ. ಕುರ್ಚಿ ಬಿಟ್ಟು ಏಳಲಾರದ ಬರದ ಸಾಲು ಅದು. ನಾನೂ ಬರದೀನಿ, ಮುಚ್ಚಿಡಂಗಿಲ್ಲ.

ಕಂದಾಯ ಕಾಯ್ದೆ 1964ರ 71ನೇ ಕಲಂ ಪ್ರಕಾರ ದನ ಮೇಯಾಕ ಬಿಟ್ಟ ಜಾಗಾನ ಜಿಲ್ಲಾಧಿಕಾರಿ ಮಂಜೂರಾತಿ ಇಲ್ಲದ ಬ್ಯಾರೆ ಕೆಲಸಕ್ಕ ಬಳಸಾಕ ಬರಂಗಿಲ್ಲ. ಇನ್ನ ಕಂದಾಯ ನಿಯಮ 1966, 97ನೇ ನಿಯಮ: ಪ್ರತಿ 100 ದನಕ್ಕ 12 ಹೆಕ್ಟೇರ್ ಗಾಯರಾಣ ಇರಬೇಕು. ಕಾಡಿನ ಆಸರ ಇದ್ದ ಊರಿಗೆ ಕಡಿಮಿ ಮಾಡಬಹುದು. ನಿಮ್ಮೂರಿಗೆ ಕಾಡಿಲ್ಲ. ಜಗಪಾಲ್ ಸಿಂಗ್ ಪ್ರಕರಣದಾಗ 2011ರ ಜನವರಿ 28ಕ್ಕ ಸುಪ್ರೀಂ ಕೋರ್ಟ್ ಊರ ಸಾಮೂಹಿಕ ಜಾಗಾ ಊರಿಗೇ ಉಳೀಬೇಕು ಅಂದದ್ದೂ ಇದಕ್ಕ ಬಲ. ಈಗ ಹೇಳ್ರಿ, ನಿಮ್ಮೂರಾಗ ದನ ಎಷ್ಟು?

ಗುಡ್ಡದ ಓಣಿ · ರಾತ್ರಿ 9.44

ಯಾರ್ ಎಣಿಸ್ಯಾರ್ರಿ.

ಹಳೇ ಚೈನು · ರಾತ್ರಿ 9.46

ಅದ ಮೊದಲನೇ ಕೆಲಸ. ಪಶು ಆಸ್ಪತ್ರೆಯಾಗ ಜಾನುವಾರು ಗಣತಿ ಲೆಕ್ಕ ಇರತೈತಿ, ಕೇಳ್ರಿ. ಆದ್ರ ನೀವೂ ಮನಿಮನಿ ತಿರುಗಿ ಬರಕೋರಿ. ಆಕಳು, ಎತ್ತು, ಎಮ್ಮಿ ಒಂದು ಕಡೆ, ಕುರಿ ಆಡು ಬ್ಯಾರೆ ಪುಟಾ. ಕಿವಿ ಓಲಿ ನಂಬರ್ ಇದ್ರ ಅದನ್ನೂ ಹಾಕ್ರಿ. ಮನ್ಯಾಕಿ ಸಹಿ ತಗೋರಿ, ಗಂಡಸರ ಸಹಿ ಬ್ಯಾಡ. ಮೇವು ಹಾಕಾಕಿ ಯಾರು ಅಂತ ಗೊತ್ತಾಗಲಿ.

ಕಡ್ಲಿ ಹೊಲದಾಕಿ · ರಾತ್ರಿ 10.10

ರೊಕ್ಕದ ಲೆಕ್ಕಾನೂ ಹೆಣ್ಮಕ್ಕಳ ಕೈಯಾಗ ಇರಲಿ ಅಣ್ಣಾರ. ನಮ್ಮಲ್ಲಿ ಅಪೀಲಿಗೆ ಕೂಡಿಸಿದ ಪಟ್ಟಿ ಹಣಾ ಸ್ವಸಹಾಯ ಸಂಘದ ಪುಸ್ತಕದಾಗ ಬರಸಿದ್ವಿ. ಅಧ್ಯಕ್ಷ, ಉಪಾಧ್ಯಕ್ಷ ಅಂತ ಮಾಡಲೇ ಇಲ್ಲ. ಅಧ್ಯಕ್ಷನ ಇಲ್ಲಂದ್ರ ಟಿಪ್ಪರ್ ಯಾರಿಗೆ ಕೊಡಸ್ತಾರ?

ಸುಮ್ನ ಓದಾಂವ · ರಾತ್ರಿ 10.12

ಈ ಮಾತಿಗೆ ನಾ ಸೋತೆ ಅಕ್ಕಾ.

ಖಾನಾಪುರ ಮಳಿ · ಬುಧವಾರ, ಮುಂಜಾನೆ 10.20

ಅಹವಾಲು ಸಭೆ ಮತ್ತ ಕರದ್ರ ಒಂದು ಎಚ್ಚರಿಕಿ. ನಾ ಒಂದು ಸಭಾಕ್ಕ ಹೋಗಿದ್ದೆ. ಊರ ಮಂದಿ ಧಿಕ್ಕಾರ ಕೂಗಿ, ಪೆಂಡಾಲಿನಿಂದ ಎದ್ದು ಹೊರಗ ಹೋದ್ರು. ಅವರಿಗೆ ಸಭಾ ಮುರೀತು ಅನಸ್ತು. ಇಂಥಾ ಸಭಾಕ್ಕ ಕೋರಂ ಇಲ್ಲ, ಹತ್ತ ಮಂದಿ ಇದ್ರೂ ಸಭಾ ಆದಂಗ. ಉಳದವ್ರು ಯಾರು? ಕಂಪನಿ ಬಸ್ಸಿನ್ಯಾಗ ಬಂದವ್ರು. ನಡಾವಳಿಯಾಗ ಅವರ ಮಾತಷ್ಟ ಬಂತು.

ಕೂಡ್ರಿ, ಕಡೀತನಕ ಕೂಡ್ರಿ. ತಕರಾರು ಬರದು ಕೊಟ್ಟು ಇನ್ನೊಂದು ಪ್ರತಿ ಮ್ಯಾಲ ಮುದ್ರೆ ಹಾಕಿಸ್ಕೋರಿ. ಕೊನಿಗೆ ನಡಾವಳಿನ ಸಭಾದಾಗ ಕನ್ನಡದಾಗ ಓದಿ ಹೇಳಬೇಕು ಅಂತ ನಿಯಮ ಐತಿ. ಹೊತ್ತಾತು ಅಂದ್ರೂ ಓದಸ್ರಿ. ವಿಡಿಯೋ ಅವರೂ ಮಾಡತಾರ, ನೀವೂ ಮಾಡ್ರಿ.

ಗುಡ್ಡದ ಓಣಿ · ಶುಕ್ರವಾರ, ರಾತ್ರಿ 9.55

ಮೂರು ದಿನಾ ತಿರುಗಿದ್ವಿ. ನಾನು, ಕಾಕಾ, ಹೈಸ್ಕೂಲಿನ ನಾಲ್ಕು ಹುಡುಗೂರು. ಮೊದಲನೇ ದಿನ ಮಂದಿ ಖರೇ ಹೇಳಲಿಲ್ಲ. ದನ ಹೆಚ್ಚು ಅಂದ್ರ ರೇಷನ್ ಕಾರ್ಡ್ ಹೋಗತೈತಿ ಅಂತ ಯಾರೋ ಹಬ್ಬಿಸಿದ್ರು. ಒಬ್ಬಾಕಿ ಆಯಿ ಮೂರು ಎಮ್ಮಿ ಹಿಂದ ನಿಂತಕೊಂಡು "ಒಂದ ಐತ್ಯೋ ಯಪ್ಪಾ" ಅಂದ್ಲು. ಎರಡನೇ ದಿನ ಆಕಿನ ಕರಕೊಂಡು ತಿರುಗಿದ್ವಿ, ಆಮ್ಯಾಲ ಎಲ್ಲಾರೂ ಹೇಳಿದ್ರು.

ಕುರಿ ಆಡು ಬಿಟ್ಟು 212. ಚೈನು ಕಾಕಾರ ಹೇಳಿದ ಲೆಕ್ಕಕ್ಕ 25 ಹೆಕ್ಟೇರ್ ಮ್ಯಾಲ ಬೇಕು, ಅಂದ್ರ ಸುಮಾರು 63 ಎಕರೆ. ಇರೋದು 47. ಅಂದ್ರ ಕೊಡಾಕ ಹೆಚ್ಚಿಗಿ ಜಾಗಾ ಇಲ್ಲ, ಈಗ ಐತಲ್ಲ ಅದರ ಮ್ಯಾಲ ಊರಿಗೇ ಇನ್ನೂ 16 ಎಕರೆ ಬಾಕಿ ಬರಬೇಕು! ಕಾಕಾ ಈ ಲೆಕ್ಕ ಕೇಳಿ ಎರಡು ಸಲ ಬೆರಳ ಮಡಚಿ ನೋಡಿ ನಕ್ಕಬಿಟ್ಟ.

ಇ.ಸಿ. ಅಪೀಲಿನ ಕಾಗದ ಕರಿಕೋಟು ಸರ್ ಕಡೆ ಹೋಗ್ಯಾವ. ತಹಶೀಲ್ದಾರ್ರಿಗೆ ಮನವಿ ಕೊಟ್ಟು ಮುದ್ರೆ ಹಾಕಿಸಿದ್ವಿ, ಸೋಮವಾರ ಸರ್ವೇಯರ್ ಬರತಾರಂತ, ಹಳ್ಳದ ಹದ್ದು ಗುರ್ತಿಸಾಕ. ಪಂಚಾಯ್ತಿಯವ್ರು ಇ.ಸಿ. ಪ್ರತಿನ ಇವತ್ತ ಬೋರ್ಡಿಗೆ ಹಚ್ಯಾರ. ತಲಿಕೆಳಗ ಹಚ್ಯಾರ, ಇರಲಿ.

ಹಳೇ ಚೈನು · ರಾತ್ರಿ 10.08

ಸೋಮವಾರ ನಾ ಬರತೀನಿ. ಹಳ್ಳದ ಹದ್ದು ಬ್ಯಾಸಿಗಿ ಹರಿವಿನ ಮ್ಯಾಲ ಹಿಡಿಯಾಕ ಬಿಡಬ್ಯಾಡ್ರಿ. ಮಳಿಗಾಲದಾಗ ಕಸಾ ಎಲ್ಲಿತನಕ ಬಂದು ಜಾಲಿಗೆ ಸಿಕ್ಕೊಂಡೈತಿ ನೋಡ್ರಿ, ಅಲ್ಲಿಗೆ ಗೂಟಾ.

ಹತ್ತು ಗಾಲಿ · ರಾತ್ರಿ 11.20

ಅಣ್ಣಾರ, 47 ಎಕರೆ 12 ಗುಂಟೆ ಅಂದಾಗನ ತಿಳದಿತ್ತು, ಹೇಳಿರಲಿಲ್ಲ. ನಾನೂ ಅದ ಊರಾಂವ, ಕೆಳಗಿನ ಓಣಿ. ಟಿಪ್ಪರ್ ಬಿಡಂಗಿಲ್ಲ, ಅದರ ಕಂತು ಇನ್ನೂ ಎರಡು ವರ್ಷ ಐತಿ. ನಿಮ್ಮ ಹುಡುಗೂರು ಬಂದಾಗ ನಮ್ಮವ್ವ ಮನ್ಯಾಗ ಇರಲಿಲ್ಲ, ಗುಡ್ಡಕ್ಕ ಹೋಗಿದ್ಲು. ಎರಡು ಎಮ್ಮಿ ಅದಾವ. ಬರಕೋರಿ.

ಗುಡ್ಡದ ಓಣಿ · ರಾತ್ರಿ 11.24

214. ನಾಳಿ ಮುಂಜಾನೆ ಪುಸ್ತಕ ತಗೊಂಡು ಬರತೀನಿ, ಅವ್ವನ ಸಹಿ ಬೇಕು.